ಹಸಿರು ಬಟ್ಟೆಯ ಕೆಳಗೆ

ಜನವರಿ ೧೮

ಪಿಟೀಲು,

ನೀನು ಹೋಗಿ ವಾರ ತುಂಬಿಲ್ಲ, ಆಗಲೇ ಕಾಗದವೇ ಎಂದು ನಗಬೇಡ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ, ಹ್ಞೂಂ" ಅನ್ನುತ್ತಲೇ ಇರುತ್ತೀಯ, ಅತ್ತ ಇನ್ನೊಂದು ಕೈಯಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತೀಯ. ಕಾಗದವಾದರೆ ಕನ್ನಡಿಯ ಪಕ್ಕದಲ್ಲಿ ಅಂಟಿಸಿಕೊಳ್ಳಬಹುದು. ಈ ಹೆಸರಿಗೂ ಮುಖ ಊದಿಸಬೇಡ. ಹುಟ್ಟಿದಾಗ ಹಗಲೂ ರಾತ್ರಿ ಕುಯ್ಯೋ ಎನ್ನುತ್ತಿದ್ದವಳಿಗೆ ಇಟ್ಟ ಹೆಸರು. ಹೋಟೆಲಿನಲ್ಲಿ ಗಿಟಾರ್ ನುಡಿಸುವಷ್ಟು ದೊಡ್ಡವಳಾದರೂ ನನಗೆ ನೀನು ಪಿಟೀಲೇ.

ಈಗ ಗಿಟಾರಿನ ವಿಷಯ. ಅದರ ಮೈಮೇಲಿರುವ ಲ್ಯಾಕರ್ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದೆ. ನಮ್ಮ ಕಾರ್ಖಾನೆಯಿಂದ ಹೊರಗೆ ಹೋದ ಇನ್ಯಾವ ವಾದ್ಯಕ್ಕೂ ನಾನು ಅಷ್ಟು ಕಡಿಮೆ ಹೊಡೆದವಳಲ್ಲ. ನಿಮ್ಮಪ್ಪ ಹಲಗೆ ಬಗ್ಗಿಸಿ, ಅಂಟಿಸಿ, ಮೈ ಸಿದ್ಧಮಾಡಿ ನನ್ನ ಕೈಗೆ ಕೊಡುವಾಗಲೆಲ್ಲ ಅದೇ ರಾಗ: "ತೆಳ್ಳಗೆ ಹೊಡಿಯೇ, ಮರದ ಉಸಿರು ಕಟ್ಟಿಸ್ಬೇಡ." ನಾನೂ ಬಿಡುತ್ತಿರಲಿಲ್ಲ: "ನಿಮ್ಮ ಮರ ನಾಲ್ಕು ದಿನ ಬಾಳ್ಬೇಕು ಅಂದ್ರೆ ನನ್ನ ಪಾಲಿಶೇ ಗತಿ." ಆ ಜಗಳದಲ್ಲೇ ನಮ್ಮ ಅರ್ಧ ಆಯಸ್ಸು ಹೋಯಿತು, ಕೊನೆಗೆ ಅವರೂ ಮನೆ ಬಿಟ್ಟು ಹೋದರು. ನಿನಗೆಂದು ಮಾಡಿದ ಆ ಒಂದಕ್ಕೆ ಮಾತ್ರ ನಾನು ಅವರ ಮಾತು ಕೇಳಿದೆ. ಅದರ ದನಿ ಹೇಗೆ ಬಂತು ಅನ್ನುವುದು ನಿನಗೇ ಗೊತ್ತು. ಆದರೆ ಅಷ್ಟು ತೆಳ್ಳಗಿನ ಮೈಯನ್ನು ಕಾಯುವ ಕೆಲಸವೂ ಈಗ ನಿನ್ನದೇ.

ಈ ಲ್ಯಾಕರ್ ಎಷ್ಟು ವರ್ಷವಾದರೂ ಪೂರ್ತಿ ಗಟ್ಟಿಯಾಗುವ ಜಾತಿಯಲ್ಲ. ರಬ್ಬರ್, ರೆಕ್ಸಿನ್, ಪ್ಲಾಸ್ಟಿಕ್, ಇವು ತಿಂಗಳುಗಟ್ಟಲೆ ತಾಗಿಕೊಂಡಿದ್ದರೆ ಮೆತ್ತಗಾಗಿ ಅಂಟಂಟಾಗುತ್ತದೆ. ಆಮೇಲೆ ಒಣಗಿದರೂ ಗುರುತು ಹೋಗುವುದಿಲ್ಲ. ಹೋಟೆಲಿನವರು ರಬ್ಬರ್ ತೋಳಿನ ಸ್ಟ್ಯಾಂಡ್ ಕೊಟ್ಟರೆ ದೊಡ್ಡ ನಮಸ್ಕಾರ ಹಾಕಿ ಬೇಡ ಅನ್ನು. ಬೆಲ್ಟು ಬೇಕಾದರೆ ಹತ್ತಿಯದು ಅಥವಾ ಒಳ್ಳೆ ಚರ್ಮದ್ದು ತಗೋ. ಅದನ್ನೂ ನುಡಿಸಿದ ಮೇಲೆ ಬಿಚ್ಚಿ ಹೊರಗಿಡು, ಪೆಟ್ಟಿಗೆಯೊಳಗೆ ತುರುಕಬೇಡ. ಬಟ್ಟೆ ಸುತ್ತಿದ್ದೇನಲ್ಲ, ಏನಾಗುತ್ತದೆ ಎಂದು ಜಾಣತನ ತೋರಿಸಬೇಡ. ಮುಚ್ಚಿದ ಪೆಟ್ಟಿಗೆಯಲ್ಲಿ ರಬ್ಬರಿನ ಆವಿ ಬಟ್ಟೆಯನ್ನೂ ದಾಟಿ ಬರುತ್ತದೆ.

ಪೆಟ್ಟಿಗೆಯ ಒಳಗಿನ ಮೆತ್ತೆಯನ್ನು ಹುಳು ತಿಂದಿತ್ತು. ತೆಗೆದು ಹೊಸದು ಹಾಕಿ, ಮೇಲೆ ಹಸಿರು ಬಟ್ಟೆ ಅಂಟಿಸಿದ್ದೇನೆ. ಕತ್ತಿಗೊಂದು, ಬೆನ್ನಿಗೊಂದು. ಗಿಟಾರ್ ಈಗ ಸ್ವಲ್ಪವೂ ಅಳ್ಳಾಡುವುದಿಲ್ಲ. ಅದನ್ನು ಕೆದಕಬೇಡ.

ಇನ್ನೊಂದು. ಅವರ ಬೆಂಚು ಖಾಲಿ ಮಾಡಿದೆ. ಗೋಡೆಗೆ ನೇತುಹಾಕಿದ್ದ ಆ ಏಪ್ರನ್ನನ್ನೂ ಬಿಸಾಡಿದೆ. ಯಾರಾದರೂ ಕೇಳಿದರೆ ಹಾಗೇ ಹೇಳು.

ನಿನ್ನ ಅಮ್ಮ


ಫೆಬ್ರವರಿ ೬

ಅಮ್ಮಾ,

ಯಾರು ಕೇಳುತ್ತಾರೆ ಆ ಏಪ್ರನ್ ವಿಷಯ? ನೀನು ಹೇಳದೆ ಉಳಿಸಿದ ಹೆಸರು ನನಗೂ ಗೊತ್ತು, ನಿನಗೂ ಗೊತ್ತು. ಇರಲಿ.

ರೂಮು ಒಂದು ಲಾಂಡ್ರಿಯ ಮೇಲಿದೆ. ಬೆಳಿಗ್ಗೆ ಕೆಳಗೆ ಇಸ್ತ್ರಿ ಶುರುವಾದರೆ ನನ್ನ ನೆಲ ಬೆಚ್ಚಗಾಗುತ್ತದೆ, ಚಳಿಗೆ ಒಳ್ಳೆಯದೇ. ನೀನು ಬೈಯುವ ಮೊದಲೇ ಹೇಳುತ್ತೇನೆ, ಪೆಟ್ಟಿಗೆಯನ್ನು ನೆಲದ ಮೇಲಿಟ್ಟಿಲ್ಲ. ಮಂಚದ ಅರ್ಧ ಅದಕ್ಕೆ, ಅರ್ಧ ನನಗೆ. ಮಗ್ಗುಲು ಬದಲಿಸಬೇಕಾದರೆ ಅದರ ಅನುಮತಿ ಕೇಳಬೇಕು.

ಕೆಲಸ ಸಂಜೆ ಏಳರಿಂದ. ಮ್ಯಾನೇಜರ್ ಮೊದಲ ದಿನವೇ ಕುರ್ಚಿ ಎತ್ತಿಸಿಬಿಟ್ಟ. "ಕೂತ್ಕೊಂಡು ನುಡಿಸಿದ್ರೆ ಹಿಂದಿನ ಟೇಬಲ್‌ನವ್ರಿಗೆ ಕಾಣಲ್ಲಮ್ಮ. ನಿಂತ್ಕೊ, ಸ್ವಲ್ಪ ನಗು." ನಿಂತು ನುಡಿಸಲು ಬೆಲ್ಟು ಬೇಕೇ ಬೇಕು. ಒಬ್ಬರು ಕೊಡಿಸಿದರು. ಕಪ್ಪಗೆ ಮಿರಿಮಿರಿ ಮಿಂಚುತ್ತದೆ, ಅಗಲವಾಗಿದೆ, ಭುಜ ನೋಯುವುದಿಲ್ಲ.

ನಿನ್ನ ಕಾಗದ ಮೂರು ಸಲ ಓದಿದೆ. ಗಿಟಾರಿನ ಕತ್ತು, ಬೆನ್ನು, ಉಸಿರು ಎಲ್ಲವನ್ನೂ ವಿಚಾರಿಸಿದ್ದೀಯ. ನಾನು ಹೇಗಿದ್ದೇನೆ ಎಂದು ಒಂದು ಸಾಲೂ ಇಲ್ಲ. ನನ್ನ ಕತ್ತೂ ನೋಯುತ್ತದೆ, ಹೇಳಿಬಿಡುತ್ತೇನೆ.

ನಿನ್ನ ಮಗಳು
(ಪಿಟೀಲು ಅಲ್ಲ)


ಫೆಬ್ರವರಿ ೧೪

ಮಗಳೇ,

ನೀನು ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡು. ಕತ್ತಿಗೆ ಬಿಸಿನೀರಿನ ಶಾಖ ಕೊಡು. ವಿಚಾರಿಸಿದೆ, ಆಯಿತಲ್ಲ?

ಆ "ಒಬ್ಬರು" ಯಾರು? ಮಿರಿಮಿರಿ ಮಿಂಚುವ ಬೆಲ್ಟು ಚರ್ಮದ್ದಲ್ಲ. ಮೂಗಿನ ಹತ್ತಿರ ಹಿಡಿದು ನೋಡು. ಹೊಸ ಬಸ್ಸಿನ ಸೀಟಿನ ವಾಸನೆ ಬಂದರೆ ಅದು ರೆಕ್ಸಿನ್. ಬೆರಳಿಗೆ ಸ್ವಲ್ಪ ಜಿಗುಟು ಅನ್ನಿಸಿದರಂತೂ ಗ್ಯಾರಂಟಿ. ನುಡಿಸುವಾಗ ಹೆಗಲಿಗಿರಲಿ, ಮುಗಿದ ಕೂಡಲೇ ಬಿಚ್ಚಿ ಬಾಗಿಲ ಮೊಳೆಗೆ ನೇತುಹಾಕು.

ಇಲ್ಲಿ ಹೊಸ ಮೇಸ್ತ್ರಿ ಬಂದಿದ್ದಾನೆ. ಅವನು ಕೊಟ್ಟ ಮೈಗೆ ನಾನು ಎಷ್ಟು ಕೋಟ್ ಹೊಡೆದರೂ ಏನೂ ಮಾತಾಡುವುದಿಲ್ಲ. "ನೀವು ಹೇಳಿದ್ಹಂಗೆ, ಪಾಲಿಶಮ್ಮ" ಅನ್ನುತ್ತಾನೆ. ಮೊನ್ನೆ ಬೇಕೆಂದೇ ಒಂದು ಕೋಟ್ ಹೆಚ್ಚು ಹೊಡೆದೆ. ಅದಕ್ಕೂ ತಲೆಯಾಡಿಸಿದ. ಕೆಲಸ ಬೇಗ ಮುಗಿಯುತ್ತದೆ, ಮನೆಗೆ ಬೇಗ ಬರುತ್ತೇನೆ. ಬಂದು ಏನು ಮಾಡುವುದೋ ತಿಳಿಯುವುದಿಲ್ಲ.

ಅಮ್ಮ


ಏಪ್ರಿಲ್ ೩

ಅಮ್ಮಾ,

ಮುಚ್ಚುಮರೆ ಸಾಕು. ಬೆಲ್ಟು ಕೊಡಿಸಿದ್ದು ಅಪ್ಪ. ನಾನು ಈ ಊರಿಗೆ ಬಂದ ಮೊದಲ ಭಾನುವಾರವೇ ಹುಡುಕಿಕೊಂಡು ಬಂದರು. ಆಮೇಲೆ ಭಾನುವಾರ ತಪ್ಪಿಸಿಲ್ಲ. ನಿನಗೆ ಹೇಳಿದರೆ ರೇಗುತ್ತೀಯ ಎಂದು ಸುಮ್ಮನಿದ್ದೆ.

ಬಾಗಿಲು ಮಾಡುವ ಫ್ಯಾಕ್ಟರಿಯಲ್ಲಿದ್ದಾರೆ. ದಿನಪೂರ್ತಿ ಒಂದೇ ಅಳತೆಯ ಬಾಗಿಲು. "ಒಳಗೆ ಏನೂ ಇರಲ್ಲ, ಪುಟ್ಟಾ. ತಟ್ಟಿದ್ರೆ ಸದ್ದೂ ಬರಲ್ಲ" ಅನ್ನುತ್ತಾರೆ. ನನ್ನ ರೂಮಿಗೆ ಬಂದರೆ ಮೊದಲು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಬೆರಳ ಗೆಣ್ಣಿನಿಂದ ಅದರ ಬೆನ್ನು ತಟ್ಟುತ್ತಾರೆ. ಆಮೇಲೆ ಕಿಟಕಿ ಕಡೆ ನೋಡಿಕೊಂಡು, ಯಾರದೋ ವಿಷಯ ಕೇಳುವವರ ಹಾಗೆ, "ಅವಳ ಕೆಮ್ಮು ಹೇಗಿದೆಯಂತೆ?" ಅನ್ನುತ್ತಾರೆ. ಗೊತ್ತಿಲ್ಲ ಅಂದೆ. ನೀನು ನನಗೆ ನಿನ್ನ ಕೆಮ್ಮಿನ ಬಗ್ಗೆ ಯಾವತ್ತು ಬರೆದಿದ್ದೀಯ? ಮಾಸ್ಕ್ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಇನ್ನೂ ಕರವಸ್ತ್ರ ಕಟ್ಟಿಕೊಂಡೇ ಸ್ಪ್ರೇ ಹೊಡೆಯುತ್ತೀಯಾ?

ಬೆಲ್ಟು ರೆಕ್ಸಿನ್ ಎಂದು ಅವರಿಗೂ ಗೊತ್ತು. "ಅಂಗಡೀಲಿ ಇದ್ದದ್ದು ಅದೇ. ನಿಮ್ಮಮ್ಮ ನೋಡಿದ್ರೆ ನನ್ನ ತೊಗಟೆ ಸುಲೀತಾಳೆ. ಪೆಟ್ಟಿಗೆಗೆ ಮಾತ್ರ ಹಾಕ್ಬೇಡ" ಎಂದು ಅವರೂ ಹೇಳಿದರು. ನೋಡು, ಇಷ್ಟು ದೂರ ಇದ್ದುಕೊಂಡು ಇಬ್ಬರೂ ಒಂದೇ ಮಾತು ಹೇಳುತ್ತೀರಿ. ಎದುರೆದುರು ಇದ್ದಾಗ ಹೇಳಲಿಲ್ಲ.

ಒಂದೆರಡು ರಾತ್ರಿ ಸುಸ್ತಾಗಿ ಬೆಲ್ಟನ್ನು ಕತ್ತಿನ ಕೆಳಗೆ ಮಡಿಸಿಟ್ಟು ಪೆಟ್ಟಿಗೆ ಮುಚ್ಚಿದ್ದೇನೆ. ಇನ್ನು ಮಾಡುವುದಿಲ್ಲ.

ನಿನ್ನ ಮಗಳು


ಜೂನ್ ೧೧

ಅಮ್ಮಾ,

ನಾನು ಏಪ್ರಿಲ್‌ನಲ್ಲಿ ಬರೆದದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಫೋನಿನಲ್ಲೂ ಬರೀ ಹವೆಯ ಮಾತು. ಅದು ಇರಲಿ, ಈಗ ಬೇರೆಯದೇ ಆಗಿದೆ. ಬೈಯುವುದಾದರೆ ಬೈ, ಆದರೆ ಏನು ಮಾಡಬೇಕೆಂದು ಹೇಳು.

ಹೋಟೆಲಿನಲ್ಲಿ ರಿಪೇರಿ ನಡೆದು ಮೇ ತಿಂಗಳಿಡೀ ರಜೆ ಇತ್ತು. ನಾನು ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದೆ, ಅಲ್ಲಿ ಅವರದ್ದೇ ಗಿಟಾರ್ ಇತ್ತು. ನಮ್ಮದು ಪೆಟ್ಟಿಗೆಯಲ್ಲೇ ಇತ್ತು. ನಿನ್ನೆ ತೆಗೆದರೆ ಬೆನ್ನು ಬಟ್ಟೆಗೆ ಅಂಟಿಕೊಂಡ ಹಾಗೆ ಬಂತು, ಗಾಯದ ಪಟ್ಟಿ ಕಿತ್ತಂತೆ ಸದ್ದಾಯಿತು. ಬೆನ್ನಿನ ಕೆಳಭಾಗದಲ್ಲಿ ಅಂಗೈಯಗಲ ಮಂಕು ಕೂತಿದೆ. ಚೌಕವಾಗಿದೆ. ಅದರೊಳಗೆ ಬಟ್ಟೆಯ ನೇಯ್ಗೆಯೂ ಅಚ್ಚೊತ್ತಿದಂತೆ ಕಾಣುತ್ತದೆ. ಕತ್ತಿನ ಹಿಂದೆಯೂ ಅಂಥದೇ ಇನ್ನೊಂದು ಚೌಕ. ಹೆಬ್ಬೆರಳು ಅಲ್ಲಿ ಜಾರುವುದಿಲ್ಲ, ಅಂಟುತ್ತದೆ. ಉಸಿರು ಬಿಟ್ಟು ಒರೆಸಿ ನೋಡಿದೆ, ಹೋಗಲಿಲ್ಲ. ನೀನು ಹೇಳದೆ ಬೇರೇನೂ ಹಚ್ಚಿಲ್ಲ.

ಬೆಲ್ಟನ್ನು ಒಳಗಿಟ್ಟಿದ್ದು ಆ ಒಂದೆರಡು ರಾತ್ರಿ ಮಾತ್ರವಲ್ಲ. ಮೇನಲ್ಲೂ ಒಳಗೇ ಉಳಿದಿತ್ತು. ಮರೆತಿದ್ದೆ. ನನ್ನಿಂದಲೇ ಆಯಿತು, ಅಮ್ಮಾ.

ನಿನ್ನ ಮಗಳು


ಜೂನ್ ೧೫

ನಿನ್ನ ಕಾಗದ ಕೆಲಸದ ಮಧ್ಯೆ ಬಂತು. ಓದಿ ಸ್ಪ್ರೇ ಗನ್ ಕೆಳಗಿಟ್ಟವಳು ಮತ್ತೆ ಹಿಡಿಯಲಿಲ್ಲ.

ಎಷ್ಟು ಸಲ ಹೇಳಿದೆ? ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು. ನಿನ್ನನ್ನು ಅಂದು ಪ್ರಯೋಜನವಿಲ್ಲ, ನಿನ್ನ ಕೈಗೆ ಆ ಬೆಲ್ಟು ಕೊಟ್ಟವರನ್ನು ಅನ್ನಬೇಕು. ನನ್ನ ಜೊತೆ ಇಷ್ಟು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದ ಮನುಷ್ಯ! ರೆಕ್ಸಿನ್ ಏನು ಮಾಡುತ್ತದೆ ಎಂದು ತಿಳಿದೂ ತಂದು ಹಾಕಿದರಲ್ಲ. ಅವರು ಕೈಯಿಟ್ಟದ್ದು ಯಾವುದು ನೆಟ್ಟಗೆ ಉಳಿದಿದೆ ಹೇಳು? ಈ ಒಂದು ವಸ್ತುವಾದರೂ ಚೆನ್ನಾಗಿರಲಿ ಅಂದುಕೊಂಡಿದ್ದೆ.

ಗಿಟಾರ್ ವಾಪಸ್ ಕಳಿಸು. ನಿನಗೆ ಕಾಪಾಡಿಕೊಳ್ಳುವ ಯೋಗ್ಯತೆ ಬಂದ ಮೇಲೆ ನೋಡೋಣ.

ಅಮ್ಮ


ಜೂನ್ ೧೫

ನಿಮಗೆ,

ಮಗಳ ಭುಜಕ್ಕೆ ಬೆಲ್ಟು ಕೊಡಿಸಿದಿರಂತೆ. ಗಿಟಾರಿನ ಬೆನ್ನು ಕರಗಿದೆ, ಕತ್ತು ಕರಗಿದೆ. ನಿಮಗೆ ತೆಳ್ಳಗೆ ಬೇಕಿತ್ತಲ್ಲ, ನೋಡಿಕೊಳ್ಳಿ ಈಗ. ನಾನು ನನ್ನ ಲೆಕ್ಕದಲ್ಲಿ ದಪ್ಪಗೆ ಹೊಡೆದಿದ್ದರೆ ಇವತ್ತು ಉಜ್ಜಿ ತೆಗೆಯಲು ಏನಾದರೂ ಉಳಿದಿರುತ್ತಿತ್ತು. ಈಗ ಉಜ್ಜಿದರೆ ನೇರ ಮರವೇ ಸಿಗುತ್ತದೆ.

ಅವಳ ಹತ್ತಿರ ಹೋಗುವುದು, ಬಿಡುವುದು ನಿಮಗೆ ಬಿಟ್ಟದ್ದು. ಅವಳ ವಾದ್ಯದ ಹತ್ತಿರ ಹೋಗಬೇಡಿ.

ಹೆಸರು ಬರೆಯಬೇಕಾಗಿಲ್ಲ, ಅಕ್ಷರ ನಿಮಗೆ ಗೊತ್ತು


ಜುಲೈ ೨

ಪಾಲಿಶಮ್ಮನಿಗೆ,

ನಿನ್ನ ಕಾಗದ ತಲುಪಿತು. ಹೌದು, ಬೆಲ್ಟು ನಾನು ಕೊಡಿಸಿದ್ದು. ಗುರುತು ಅದರದ್ದೇ. ಪುಟ್ಟಿಯನ್ನು ಬೈಯಬೇಡ, ನನ್ನನ್ನು ಎಷ್ಟು ಬೇಕಾದರೂ ಬೈ. ಅಭ್ಯಾಸವಿದೆ.

ವಾದ್ಯದ ಹತ್ತಿರ ಹೋಗಬೇಡ ಅಂದಿದ್ದೀಯ. ನಿನ್ನ ಕಾಗದ ಬರುವ ಮೊದಲೇ ಹೋಗಿಯಾಗಿತ್ತು. ಮರಕ್ಕೆ ಏನೂ ಆಗಿಲ್ಲ, ತಟ್ಟಿ ನೋಡಿದ್ದೇನೆ. ದನಿ ಹಾಗೇ ಇದೆ. ಗುರುತು ಇನ್ನು ಬೆಳೆಯುವುದಿಲ್ಲ, ಅದಕ್ಕೆ ನಾನು ಹೊಣೆ.

ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಹೊಡೆಯಬೇಡ.

ನಾನು


ಜುಲೈ ೫

ಅಮ್ಮಾ,

ಪಾರ್ಸೆಲ್ ಕಳಿಸಿದ್ದೇನೆ. ತಂತಿ ಸಡಿಲ ಮಾಡಿದ್ದೇನೆ. ಬೆಲ್ಟು ಒಳಗಿಲ್ಲ. ಪೆಟ್ಟಿಗೆಯ ಕೊಂಡಿ ಸಡಿಲವಾಗಿದೆ, ಸರಿಮಾಡಿ ಕೊಡುತ್ತೇನೆ ಎಂದು ಅಪ್ಪ ಹೋದ ತಿಂಗಳು ಒಂದು ದಿನ ತಮ್ಮ ರೂಮಿಗೆ ಒಯ್ದಿದ್ದರು. ಅದನ್ನೂ ಹೇಳಿಬಿಡುತ್ತೇನೆ, ಆಮೇಲೆ ಇನ್ನೊಂದು ತಪ್ಪು ಸಿಕ್ಕಿತು ಎಂದಾಗಬಾರದು.

ಅವರು ಕೈಯಿಟ್ಟದ್ದು ಯಾವುದು ನೆಟ್ಟಗೆ ಉಳಿದಿದೆ ಎಂದು ಕೇಳಿದ್ದೀಯ. ಅವರು ಎತ್ತಿ ಆಡಿಸಿದವರಲ್ಲಿ ನಾನೂ ಒಬ್ಬಳು. ಆ ಸಾಲು ಬರೆಯುವಾಗ ನಿನಗೆ ಅದು ಹೊಳೆಯಲಿಲ್ಲವೇ?

ಹೋಟೆಲಿಗೆ ಬಾಡಿಗೆ ಗಿಟಾರ್ ತಂದಿದ್ದೇನೆ. ಅದಕ್ಕೆ ಪ್ಲಾಸ್ಟಿಕ್ಕಿನ ಹಾಗೆ ದಪ್ಪ ಪಾಲಿಶ್ ಇದೆ. ಏನು ತಗುಲಿದರೂ ಏನೂ ಆಗುವುದಿಲ್ಲ, ಏನು ನುಡಿಸಿದರೂ ಏನೂ ಅನ್ನಿಸುವುದೂ ಇಲ್ಲ. ನಮ್ಮದು ರಿಪೇರಿಯಾದರೆ ಅಲ್ಲೇ ಇಟ್ಟುಕೋ. ನನಗೆ ಬೇಡ.


ಸೆಪ್ಟೆಂಬರ್ ೭

ಪಿಟೀಲು,

ಫೋನ್ ಎತ್ತುತ್ತಿಲ್ಲ ನೀನು. ಎತ್ತಬೇಕಾಗಿಲ್ಲ. ಇದನ್ನು ಮಾತ್ರ ಹರಿದು ಹಾಕದೆ ಓದು. ಇದು ನಿನಗೆ ಸೇರಬೇಕಾದ ವಿಷಯ.

ನಿನ್ನ ಪಾರ್ಸೆಲ್ ಜುಲೈನಲ್ಲೇ ಬಂತು. ನಾನು ಬಿಚ್ಚಲಿಲ್ಲ. ಹಗ್ಗವನ್ನೂ ಕತ್ತರಿಸದೆ ಅಟ್ಟದ ಕೆಳಗೆ ನಿಲ್ಲಿಸಿದ್ದೆ. "ನನಗೆ ಬೇಡ" ಎಂದು ನೀನು ಬರೆದದ್ದು ಪೆಟ್ಟಿಗೆಯೊಳಗೇ ಕೂತಿದೆ, ಬಿಚ್ಚಿದರೆ ಹೊರಗೆ ಬರುತ್ತದೆ ಅನ್ನಿಸುತ್ತಿತ್ತು. ಕೆಲಸಕ್ಕೆ ಹೋಗುವಾಗ ಅದರ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದೆ.

ಮೊನ್ನೆ ರಜೆಯ ದಿನ ಹಗ್ಗ ಬಿಚ್ಚಿದೆ. ಗಿಟಾರನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದೆ.

ನೀನು ಚೌಕ ಎಂದೇ ಬರೆದಿದ್ದೆ, ಮಗಳೇ. ನಾನು ಓದಿದ್ದೆ. ಆದರೆ ಬೈಯುವ ಆತುರದಲ್ಲಿದ್ದವಳಿಗೆ ಆ ಮಾತು ಕಿವಿಯೊಳಗೆ ಹೋಗಲಿಲ್ಲ. ಬೆಲ್ಟಿನ ಗುರುತು ಉದ್ದಕ್ಕೆ ಇರಬೇಕು, ಮಡಿಸಿಟ್ಟಿದ್ದರೆ ಅಂಕುಡೊಂಕಾಗಿ ಇರಬೇಕು. ಇವು ಎರಡು ಚೌಕ, ಕತ್ತರಿಯಿಂದ ಕತ್ತರಿಸಿದಂಥವು. ಬೆನ್ನಿನ ಮೇಲಿರುವುದರ ಒಂದು ಅಂಚು ಸ್ವಲ್ಪ ಓರೆ. ಆ ಓರೆ ನನಗೆ ಗೊತ್ತು. ಕತ್ತರಿಸುವಾಗ ಬಾಗಿಲು ತಟ್ಟಿದ ಸದ್ದಾಗಿ ಕೈ ಜಾರಿತ್ತು.

ನಾನು ಜನವರಿಯಲ್ಲಿ ನಿನಗೆ ಸುಳ್ಳು ಹೇಳಿದ್ದೆ. ನಿಮ್ಮಪ್ಪನ ಏಪ್ರನ್ನನ್ನು ನಾನು ಬಿಸಾಡಿಲ್ಲ. ಅದರಿಂದಲೇ ಎರಡು ತುಂಡು ಕತ್ತರಿಸಿ ನಿನ್ನ ಪೆಟ್ಟಿಗೆಗೆ ಮೆತ್ತೆ ಮಾಡಿದ್ದೆ. ಅದರ ಮೇಲೇ ಹಸಿರು ಬಟ್ಟೆ ಅಂಟಿಸಿದ್ದೆ. ಹಲಗೆ ನೀರಲ್ಲಿ ನೆನೆಸಿ ಬಿಸಿ ಕೊಳವೆಗೆ ಒತ್ತಿ ಬಗ್ಗಿಸುವಾಗ ಮೈ ನೆನೆಯಬಾರದು ಎಂದು ಆ ಏಪ್ರನ್ನಿನ ಒಳಮೈಗೆ ರಬ್ಬರ್ ಬಳಿದಿರುತ್ತಾರೆ. ಅದು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ, ಅದನ್ನು ಇಷ್ಟು ವರ್ಷ ಒಗೆದವಳು ನಾನೇ. ರಬ್ಬರ್ ಕೆಳಗೆ ಮಾಡಿ ಅಂಟಿಸಿದೆ. ಮೇಲೆ ಅದರದ್ದೇ ದಪ್ಪ ಬಟ್ಟೆ, ಅದರ ಮೇಲೆ ಹಸಿರು ಬಟ್ಟೆ, ಎರಡು ಪದರವಾಯಿತಲ್ಲ, ಸಾಕು ಅಂದುಕೊಂಡೆ. ರಬ್ಬರಿನ ಆವಿ ಬಟ್ಟೆ ದಾಟುತ್ತದೆ ಎಂದು ನಿನಗೆ ಉಪದೇಶ ಬರೆದದ್ದೂ ಅದೇ ವಾರ, ಅದೇ ಕೈ. ಬೇರೆ ಯಾರದಾದರೂ ಗಿಟಾರಾಗಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ. ಗಿರಾಕಿ ತಂದ ಪೆಟ್ಟಿಗೆಯಲ್ಲಿ ಅಂಥದ್ದು ಕಂಡಿದ್ದರೆ ಅವರ ಎದುರಿಗೇ ಕಿತ್ತು ಹಾಕುತ್ತಿದ್ದೆ.

ಯಾಕೆ ಮಾಡಿದೆ ಎಂದು ನೀನು ಕೇಳುತ್ತೀಯ. ಅವರು ಮಾಡಿದ್ದೂ ನಾನು ಬಳಿದದ್ದೂ ಜಗಳವಿಲ್ಲದೆ ಕೂಡಿ ಬಂದದ್ದು ಅದೊಂದರಲ್ಲೇ. ಅದು ಮಲಗುವ ಜಾಗದಲ್ಲಿ ಅವರದ್ದೂ ಏನಾದರೂ ಇರಲಿ ಅನ್ನಿಸಿತು. ನಿನ್ನ ಜೊತೆ ಕಳಿಸಲು ನನಗೆ ಬೇರೇನೂ ತೋಚಲಿಲ್ಲ. ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆಯಾಯಿತು. ಬಿಸಾಡಿದೆ ಎಂದು ಹೇಳುವುದು ಸುಲಭವಾಗಿತ್ತು.

ಇಷ್ಟೇ ಆಗಿದ್ದರೆ ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದೆ. ಇನ್ನೂ ಇದೆ.

ಆ ತುಂಡುಗಳನ್ನು ಕಿತ್ತು ಹಾಕೋಣ ಎಂದು ಹಸಿರು ಬಟ್ಟೆಯ ಅಂಚಿಗೆ ಚಾಕು ಹಾಕಿದೆ. ಅಂಟು ನಾನು ಬಳಿದದ್ದಲ್ಲ. ಬಟ್ಟೆ ಎತ್ತಿದೆ. ಕೆಳಗೆ ಏಪ್ರನ್ನಿನ ತುಂಡು ಇಲ್ಲವೇ ಇಲ್ಲ. ಅದರ ಜಾಗದಲ್ಲಿ ಉಣ್ಣೆಯ ದಪ್ಪ ಬಟ್ಟೆ, ಅದೇ ಅಳತೆಯದು. ನಾಲ್ಕು ಮೂಲೆಯನ್ನೂ ಯಾರೋ ಉಳಿಯಿಂದ ದುಂಡಗೆ ಕತ್ತರಿಸಿದ್ದಾರೆ. ಈ ಲೋಕದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮೂಲೆ ದುಂಡಗೆ ಮಾಡುವ ಮನುಷ್ಯ ಒಬ್ಬರೇ. ನೀನು ನಡೆಯಲು ಕಲಿಯುವಾಗ ನಮ್ಮ ಮನೆಯ ಮೇಜು, ಬೆಂಚು, ಕೊನೆಗೆ ಕಿಟಕಿಯ ಕಟ್ಟೆಯ ಮೂಲೆಗಳನ್ನೂ ಅವರು ಹಾಗೇ ಮಾಡಿದ್ದರು.

ಕೊಂಡಿ ರಿಪೇರಿ ಎಂದು ಒಂದು ದಿನ ಒಯ್ದಿದ್ದರು ಅಂದೆಯಲ್ಲ. ಕೊಂಡಿ ನೋಡಿದೆ, ಅದಕ್ಕೆ ಏನೂ ಆಗಿರಲಿಲ್ಲ.

ಅವರು ಗುರುತು ನೋಡಿದ್ದಾರೆ. ಬೆಲ್ಟಲ್ಲ ಎಂದು ಕಂಡಿದೆ. ಬಟ್ಟೆ ಎತ್ತಿದ್ದಾರೆ, ತಮ್ಮದೇ ಏಪ್ರನ್ ಕಂಡಿದ್ದಾರೆ. ಅದನ್ನು ಅಲ್ಲಿ ಹಾಕಬಹುದಾದವಳು ಯಾರು ಎಂದು ಹೇಳಿಕೊಡಬೇಕೇ? ಎಲ್ಲ ತಿಳಿದ ಮೇಲೆ ನನಗೆ ಬರೆದರು: "ಬೆಲ್ಟು ನಾನು ಕೊಡಿಸಿದ್ದು. ಗುರುತು ಅದರದ್ದೇ." ನಾನು ಆ ಕಾಗದ ಓದಿ, ಈಗಲಾದರೂ ಒಪ್ಪಿಕೊಂಡರಲ್ಲ ಎಂದು ಗೆದ್ದವಳ ಹಾಗೆ ಬೀಗಿದೆ.

ನಿನ್ನಿಂದ ಏನೂ ಆಗಿಲ್ಲ. ಬೆಲ್ಟು ಒಳಗಿಟ್ಟಿದ್ದು ತಪ್ಪೇ, ಆದರೆ ಈ ಗುರುತು ಅದರದ್ದಲ್ಲ. ಯೋಗ್ಯತೆ ಎಂದು ಬರೆದೆನಲ್ಲ, ಆ ಮಾತನ್ನು ವಾಪಸ್ ತಗೊಳ್ಳುತ್ತೇನೆ. ಅವರು ಕೈಯಿಟ್ಟದ್ದರ ಬಗ್ಗೆ ಬರೆದದ್ದನ್ನಂತೂ ಬರೆದ ಮರುದಿನವೇ ವಾಪಸ್ ತಗೊಂಡಿದ್ದೆ, ನಿನಗೆ ಹೇಳಲಿಲ್ಲ, ಅಷ್ಟೇ. ನೀನು ಕ್ಷಮಿಸಲೇಬೇಕು ಎಂದು ನಾನು ಕೇಳುತ್ತಿಲ್ಲ.

ಅಮ್ಮ


ಸೆಪ್ಟೆಂಬರ್ ೭

ನಿಮಗೆ,

ಬಟ್ಟೆ ಎತ್ತಿ ನೋಡಿದೆ.

ಮಗಳಿಗೆ ಎಲ್ಲ ಬರೆದಿದ್ದೇನೆ. ಇನ್ನು ನೀವು ನನ್ನ ತಪ್ಪನ್ನು ಹೊತ್ತುಕೊಂಡು ತಿರುಗಬೇಕಾಗಿಲ್ಲ.

ಏಪ್ರನ್ ಅದೇ ಮೊಳೆಯಲ್ಲಿ ನೇತಾಡುತ್ತಿದೆ. ಅದರಲ್ಲಿ ಈಗ ಎರಡು ಕಿಟಕಿಗಳಿವೆ. ಹೊಸ ಮೇಸ್ತ್ರಿ ಒಂದು ದಿನ ಅದನ್ನು ಹಾಕಿಕೊಳ್ಳಲು ಹೋದ. ಕೂಗಾಡಿಬಿಟ್ಟೆ. ಪಾಪ, ಅವನು ಇವತ್ತಿಗೂ ಆ ಮೂಲೆಗೆ ಹೋಗುವುದಿಲ್ಲ.

ಗುರುತು ತೆಗೆಯಬೇಕಾದರೆ ಆ ಎರಡು ಜಾಗವನ್ನು ಉಜ್ಜಿ, ಮತ್ತೆ ಹೊಡೆದು, ಸುತ್ತಲಿನದಕ್ಕೆ ಸೇರಿಸಬೇಕು. ಬೇರೆ ಹಲಗೆಯ ಮೇಲೆ ಹೊಡೆದು ಅಭ್ಯಾಸ ಮಾಡಿದೆ. ಗನ್ ಹಿಡಿದರೆ ಕೈ ತನ್ನಷ್ಟಕ್ಕೆ ತಾನೇ ಇನ್ನೊಂದು ಸಲ ಹೋಗುತ್ತದೆ, ಆಮೇಲೆ ಮತ್ತೊಂದು ಸಲ. ಎಲ್ಲಿ ನಿಲ್ಲಿಸಬೇಕು ಎಂದು ನನಗೆ ಯಾವತ್ತೂ ಗೊತ್ತಾಗಿಲ್ಲ. ಸಾಕು ಅನ್ನುವವರು ಪಕ್ಕದಲ್ಲಿ ನಿಂತಿರಬೇಕು.

ಗಿಟಾರನ್ನು ಹಾಗೇ ಇಟ್ಟಿದ್ದೇನೆ. ಹತ್ತಿಯ ಹಳೆ ಬೆಡ್‌ಶೀಟ್ ಹೊದಿಸಿದ್ದೇನೆ. ಕೆಮ್ಮು ಇದೆ. ಮಾಸ್ಕ್ ತಂದಿದ್ದೇನೆ.

ಪಾಲಿಶಮ್ಮ


ಅಕ್ಟೋಬರ್ ೯

ಅಮ್ಮಾ,

ನಿನ್ನ ದೊಡ್ಡ ಕಾಗದ ಬಂದ ದಿನವೇ ಓದಿದೆ. ಉತ್ತರ ಬರೆಯಲಾಗಲಿಲ್ಲ. ಕೋಪ ಬಂದಿತ್ತು. ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಈ ಮಳೆಗಾಲವಿಡೀ ಗಿಟಾರನ್ನು ನಾನೇ ಹಾಳುಮಾಡಿದೆ ಎಂದು ನಂಬಿಕೊಂಡು, ಆ ಸತ್ತ ಬಾಡಿಗೆ ಗಿಟಾರ್ ಹಿಡಿದು, ಮ್ಯಾನೇಜರ್ ಹೇಳಿದ ಹಾಗೆ ನಗುತ್ತಾ ನಿಂತಿದ್ದೆನಲ್ಲ, ಅದು ಒಂದು ಕಾಗದಕ್ಕೆ ಹೋಗುವಂಥದ್ದಲ್ಲ.

ಅಪ್ಪನನ್ನು ಕೇಳಿದೆ. "ನಿಮಗೆ ಮೊದ್ಲೇ ಗೊತ್ತಿತ್ತಲ್ವಾ? ಯಾಕೆ ಹೇಳ್ಲಿಲ್ಲ?"

ಅವರು ಟೀ ಕಪ್ಪನ್ನು ಕೆಳಗಿಟ್ಟರು. "ಏಪ್ರನ್ ಬಿಸಾಡ್ದೆ ಅಂತ ನಿಮ್ಮಮ್ಮ ಎಲ್ರಿಗೂ ಹೇಳ್ಕೊಂಡು ಬಂದಿದ್ಲು. ಅವಳ ಮಾತು ಸುಳ್ಳು ಮಾಡೋಕೆ ನಾನ್ಯಾರು?" ಎಂದರು.

"ಮತ್ತೆ ನಾನು? ನನ್ನ ತಪ್ಪು ಅಂತ ನಾನು ಅಳ್ತಿದ್ದೆ, ನೋಡ್ಕೊಂಡು ಸುಮ್ನಿದ್ರಲ್ಲ?"

ನೀವಿಬ್ಬರೂ ಒಬ್ಬರನ್ನೊಬ್ಬರು ಮುಚ್ಚಿಡುವ ಭರದಲ್ಲಿ ಮಧ್ಯೆ ನಾನೊಬ್ಬಳು ಇದ್ದೇನೆ ಎಂದು ಮರೆಯುತ್ತೀರಿ. ಯಾವತ್ತಿನಿಂದಲೂ ಹಾಗೇ. ಇದನ್ನು ಅವರಿಗೂ ಹೇಳಿದೆ, ನಿನಗೂ ಹೇಳುತ್ತಿದ್ದೇನೆ. ಅವರು ಏಳುವಾಗ, "ಆ ಏಪ್ರನ್ ತುಂಡುಗಳು ಎಲ್ಲಿವೆ?" ಎಂದೆ. ಕಿವಿ ಕೇಳದವರ ಹಾಗೆ ಚಪ್ಪಲಿ ಹಾಕಿಕೊಂಡರು.

ನಿನ್ನೆ ಭಾನುವಾರ. ಅವರು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ಅವರ ರೂಮಿಗೆ ಹೋದೆ. ಬೀಗ ಹಾಕಿತ್ತು. ಪಕ್ಕದ ರೂಮಿನವರು, "ಬೆಳಿಗ್ಗೇನೆ ಬ್ಯಾಗ್ ಹಿಡ್ಕೊಂಡು ಹೋದ್ರು. ಉಳಿಯ ಕಟ್ಟು, ಒಂದು ತಗಡಿನ ಡಬ್ಬಿ, ಅಷ್ಟೇ" ಎಂದರು. ಫ್ಯಾಕ್ಟರಿಗೆ ಫೋನ್ ಮಾಡಿದೆ. ರಜೆ ಹಾಕಿದ್ದಾರಂತೆ, ಎಲ್ಲಿಗೆ ಎಂದು ಹೇಳಿಲ್ಲವಂತೆ.

ಆ ಡಬ್ಬಿ ನಾನು ನೋಡಿದ್ದೇನೆ. ಗರಗಸದ ಬ್ಲೇಡು ಇಡುತ್ತಾರೆ. ಹೋದ ತಿಂಗಳು ಅದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಸಂದಿನಲ್ಲಿ ದಪ್ಪ ಬಟ್ಟೆಯ ಅಂಚು ಕಾಣುತ್ತಿತ್ತು.

ನಿನ್ನ ಕಡೆಗೇ ಹೊರಟಿರಬಹುದು. ನಿನ್ನ ಬಾಗಿಲವರೆಗೆ ಬರುತ್ತಾರೋ, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು ವಾಪಸ್ ಬಸ್ ಹತ್ತುತ್ತಾರೋ, ಅವರ ವಿಷಯದಲ್ಲಿ ಏನೂ ಹೇಳಲಾಗುವುದಿಲ್ಲ. ಬಂದರೆ ಮೊದಲು ಊಟ ಹಾಕು. ದಪ್ಪ, ತೆಳು ಎಂಬ ಮಾತು ಕೈ ತೊಳೆದ ಮೇಲೆ ಬರಲಿ.

ಬರದಿದ್ದರೂ ನನಗೆ ಬರಿ. ಗಿಟಾರ್ ಹೇಗಿದೆ ಎಂದು ನಾನು ಕೇಳುತ್ತಿಲ್ಲ. ನೀನು ಹೇಗಿದ್ದೀಯ, ಅದನ್ನು ಮೊದಲು ಬರಿ.

ಪಿಟೀಲು